ಖಾಲಿ ರಸ್ತೆಯಲ್ಲಿ ಬಾಗಿದ ಗೆರೆ

ರಸ್ತೆಗಳ ಸ್ಥಿತಿ ಅಳೆಯುವ ಕೆಲಸವನ್ನು ನಮ್ಮ ಇಲಾಖೆ ಏಜೆನ್ಸಿಗಳಿಗೆ ಗುತ್ತಿಗೆ ಕೊಡುತ್ತದೆ. ಅವರ ವಾಹನದ ಹೊಟ್ಟೆಯಡಿ ಲೇಸರ್, ನೆತ್ತಿಯ ಮೇಲೆ ಕ್ಯಾಮೆರಾ. ಡಾಂಬರಿನ ಬಿರುಕು, ಗುಂಡಿ, ಉಬ್ಬುತಗ್ಗು ಎಲ್ಲ ತಾನಾಗಿ ದಾಖಲಾಗುತ್ತದೆ. ಅದು ಸರಿಯಿದೆಯೇ ಎಂದು ನೋಡಿ ಸಹಿ ಹಾಕುವವನು ನಾನು. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸ್ ಬರುವಂಥ ಮನುಷ್ಯನಿಗೆ ಹುಡುಕಿ ಕೊಟ್ಟಂಥ ಕೆಲಸ.

ಹೊಸದುರ್ಗದಿಂದ ಹೊಳಲ್ಕೆರೆಗೆ ಬರುವ ರಸ್ತೆಯ ದಾಖಲೆ ನೋಡುತ್ತಿದ್ದೆ. ವಾಹನ ಸಾಗಿದ ದಾರಿ ಪರದೆಯ ಮೇಲೆ ಹಸಿರು ಗೆರೆಯಾಗಿ ಕಾಣುತ್ತದೆ. ಗಾಳಿಯಂತ್ರಗಳ ಗುಡ್ಡ ದಾಟಿದ ಮೇಲೆ, ನೆಟ್ಟಗಿನ ರಸ್ತೆಯಲ್ಲಿ, ಗೆರೆ ಒಂದು ಕಡೆ ಎಡಕ್ಕೆ ಬಾಗಿ, ಏನನ್ನೋ ಬಳಸಿಕೊಂಡು ಹೋದಂತೆ ಹೋಗಿ ಮತ್ತೆ ನೆಟ್ಟಗಾಗಿತ್ತು. ಕ್ಯಾಮೆರಾದ ಚಿತ್ರದಲ್ಲಿ ರಸ್ತೆ ಖಾಲಿ. ಗುಂಡಿಯಿಲ್ಲ, ಕಲ್ಲಿಲ್ಲ, ಮಲಗಿದ ನಾಯಿಯೂ ಇಲ್ಲ. ವಾಹನ ಚಕ್ರದ ಜಾಡು ಬಿಟ್ಟು ಸರಿದರೆ ಅಳತೆ ಲೆಕ್ಕಕ್ಕಿಲ್ಲ. ಮತ್ತೆ ಓಡಿಸಿ ಎಂದೆ. ಅದೇ ಜಾಗದಲ್ಲಿ ಅದೇ ಬಾಗು.

ಏಜೆನ್ಸಿಯ ಸೂಪರ್‌ವೈಸರ್ ತನ್ನ ಡ್ರೈವರನ್ನು ನನ್ನೆದುರೇ ನಿಲ್ಲಿಸಿಕೊಂಡ. "ಕುಡ್ದು ಓಡಿಸ್ತೀಯೇನಲೇ? ನಾಳೆಯಿಂದ ಬರಬ್ಯಾಡ."

"ನೆಟ್ಟಗೇ ಓಡ್ಸೀನಿ ಸಾರ್," ಎಂದ ಡ್ರೈವರ್ ನನ್ನ ಕಡೆ ತಿರುಗಿದ. "ಬೇಕಾದ್ರೆ ನೀವೇ ಬಂದು ನೋಡ್ರಿ. ಈ ಕೆಲ್ಸ ಹೋದ್ರೆ ಮತ್ತೆ ಲಾರಿ ಹತ್ಬೇಕು. ಹೋದ ಸಲ ಲಾರಿ ಇಳಿದು ಮನಿಗೆ ಬಂದಾಗ ಮಗಳು ನನ್ನ ಗುರ್ತು ಹಿಡಿಲಿಲ್ಲ."

ನನ್ನ ಆಕ್ಷೇಪಣೆಯಿಂದ ಒಬ್ಬನ ಅನ್ನ ಹೋಗುತ್ತದೆಂದರೆ ನನಗೆ ನಿದ್ದೆ ಹತ್ತುವುದಿಲ್ಲ. ಮೂವರೂ ಅದೇ ಗಾಡಿಯಲ್ಲಿ ಹೊರಟೆವು.

ಮಟಮಟ ಮಧ್ಯಾಹ್ನ. ಆ ಜಾಗ ಹತ್ತಿರವಾದಾಗ ಎದುರಿನಿಂದ ಕುರಿಮಂದೆ ಬಂತು. ಡ್ರೈವರ್ ಗಾಡಿ ನಿಲ್ಲಿಸಿದ. ರಸ್ತೆ ತುಂಬ ಅರಚುತ್ತ ಬರುತ್ತಿದ್ದ ಮಂದೆ ನಮ್ಮ ಮುಂದೆ ಒಮ್ಮೆಲೇ ಎರಡಾಯಿತು. ನಡುವೆ ಮಂಚದಗಲದ ಡಾಂಬರು ಬಿಟ್ಟು, ಆಚೀಚೆ ಹರಿದು, ಮತ್ತೆ ಕೂಡಿಕೊಂಡಿತು. ಮರಿಗಳೂ ಅದನ್ನು ತುಳಿಯಲಿಲ್ಲ. ಅದನ್ನು ದಾಟುವಷ್ಟು ಹೊತ್ತು ಒಂದಕ್ಕೂ ದನಿಯಿರಲಿಲ್ಲ. ಹಿಂದೆ ಬಂದ ಕುರಿಯಜಮಾನನೂ ಪಕ್ಕಕ್ಕೆ ಸರಿದೇ ನಡೆದ.

"ಯಜಮಾನ್ರೇ, ಅಲ್ಲೇನೈತೆ?" ಎಂದೆ ಕಿಟಕಿ ಇಳಿಸಿ.

"ಎಲ್ಲಿ?"

"ನಿಮ್ ಕುರಿ ಬಿಟ್ಟು ಬಂದ್ವಲ್ಲ, ಅಲ್ಲಿ."

ಆತ ತಿರುಗಿ ನೋಡಿದ. "ಏನೈತೆ, ರೋಡೈತೆ. ನೀವೇ ಮಾಡ್ಸಿದ್ದಲ್ವಾ?"

ಸೂಪರ್‌ವೈಸರ್ ಹಿಂದಿನ ಸೀಟಿನಲ್ಲಿ ಪರದೆ ಹಿಡಿದು ಕೂತಿದ್ದ. ನಾನು ಡ್ರೈವರನ್ನು ಪಕ್ಕಕ್ಕೆ ಕೂರಿಸಿ, ಗಾಡಿಯನ್ನು ಒಂದಷ್ಟು ಹಿಂದಕ್ಕೆ ತೆಗೆದುಕೊಂಡು, ಡ್ರೈವಿಂಗ್ ಸ್ಕೂಲಿನವನ ಹಾಗೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಓಡಿಸಿದೆ. ಕಣ್ಣು ಮಿಟುಕಿಸಲೂ ಹೆದರಿಕೆ. ರಸ್ತೆ ನೆಟ್ಟಗಿತ್ತು. ನಾನೂ ನೆಟ್ಟಗೇ ಹೋದೆ.

"ಯಾಕ್ ಸಾರ್ ತಿರುಗ್ಸಿದ್ರಿ?" ಹಿಂದಿನಿಂದ ಸೂಪರ್‌ವೈಸರ್ ಕೇಳಿದ.

"ಎಲ್ಲಿ ತಿರುಗಿಸಿದೆ?"

ಅವನು ಪರದೆಯನ್ನು ಮುಂದಕ್ಕೆ ಚಾಚಿದ. ಹಸಿರು ಗೆರೆ ಬಾಗಿತ್ತು. ಡ್ರೈವರ್ ಗೆದ್ದವನಂತೆ ನಗಲಿಲ್ಲ; ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡುತ್ತಿದ್ದ.

ವಾಪಸ್ ಬಂದು ಇಳಿಯುವಾಗ ಸೂಪರ್‌ವೈಸರ್ ಅವನಿಗೆ, "ನಾಳೆ ಹಿರಿಯೂರು ರೋಡೈತೆ, ಜಲ್ದಿ ಬಾ," ಎಂದ. ಕುಡಿದದ್ದರ ಮಾತು ಮತ್ತೆ ಎತ್ತಲಿಲ್ಲ. ಆ ತುಂಡು ರಸ್ತೆಯ ಅಳತೆಯನ್ನು ಕೈಬಿಟ್ಟು, ವರದಿಯಲ್ಲಿ ಕಾರಣ ಕೇಳಿದ ಕಡೆ ನಾನು 'ಅಡಚಣೆ' ಎಂದು ಬರೆದೆ. ಏನು ಅಡಚಣೆ ಎಂದು ಮೇಲಿನವರು ಈವರೆಗೆ ಕೇಳಿಲ್ಲ. ಕೇಳಿದರೆ ಏನು ಹೇಳುವುದು ಎಂದು ದಿನಾ ಯೋಚಿಸುತ್ತೇನೆ.