ವರ್ನಾ ಫ್ರೀಸನ್ ಹೆಸರಿದ್ದ ಪುಟ

ವಿನಿಪೆಗ್‌ನ ನಮ್ಮ ಕಂಪನಿ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ತಯಾರಿಸಿ ಮಾರುತ್ತಿತ್ತು. ಅದರ ಕೈಪಿಡಿಯಲ್ಲಿ ಬರೆದದ್ದೆಲ್ಲ ನಿಜವೇ ಎಂದು ಪರೀಕ್ಷಿಸುವುದು ವರ್ನಾ ಫ್ರೀಸನ್‌ಳ ಕೆಲಸ. ನನ್ನ ಮೇಜು ಅವಳ ಎದುರಿಗೇ ಇತ್ತು. ಓದಿ ತಲೆಯಾಡಿಸಿ ಕಳಿಸುವವಳಲ್ಲ ಅವಳು. ಪ್ರತಿ ಉದಾಹರಣೆಯನ್ನೂ ತಾನೇ ಟೈಪ್ ಮಾಡಿ, ಓಡಿಸಿ, ಕೆಡಿಸಿ ನೋಡುವಳು. ನೋಡಿದ ಪುಟಗಳ ಅಡಿಯಲ್ಲಿ ಅವಳ ಹೆಸರು ಅಚ್ಚಾಗುತ್ತಿತ್ತು. ಚರ್ಚಿನಲ್ಲಿ ಹಾಡುವಾಗಲೂ ಹಿಂದಿನ ಸಾಲಿನಲ್ಲೇ ನಿಲ್ಲುವ ಹೆಂಗಸು. ಅಚ್ಚಾದ ಆ ಹೆಸರಿನ ಮೇಲೆ ಮಾತ್ರ ಅವಳಿಗೆ ಅಭಿಮಾನ.

ಹೊಸ ಆವೃತ್ತಿಯ ಹೊತ್ತಿಗೆ, ಫೈಲಿಗೆ ಬರೆಯುವ ಆದೇಶದ ಬಗ್ಗೆ ಒಂದು ಪುಟ ಬಂತು. ‘ಆದೇಶ ಮುಗಿಯಿತೆಂದರೆ ಮಾಹಿತಿ ಡಿಸ್ಕಿನಲ್ಲಿ ಭದ್ರ’ ಎಂದಿತ್ತು. ಮುಗಿಯಿತೆಂದು ಪರದೆಯಲ್ಲಿ ಕಂಡ ಕೂಡಲೇ ವರ್ನಾ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಳು. ಮತ್ತೆ ಚಾಲೂ ಮಾಡಿದರೆ ಫೈಲು ಖಾಲಿ.

“ನಿನ್ನ ಬಿಟ್ಟು ಯಾರು ಹಾಗೆ ಪ್ಲಗ್ ಕೀಳ್ತಾರೆ?” ಅಂದ ಮ್ಯಾನೇಜರ್ ಕಾರ್ಲ್‌ಟನ್.

“ಕರೆಂಟೇನು ನನ್ನ ಕೇಳಿ ಹೋಗತ್ತಾ?”

“ಮುಂದಿನ ಸಲ ಭಾಷೇನೇ ಸರಿ ಮಾಡ್ತೀವಿ ವರ್ನಾ, ಆಗ ಆ ಮಾತು ನಿಜ ಆಗತ್ತೆ. ಈಗ ಪುಟ ತಿದ್ದಿದ್ರೆ ಕೊಳ್ಳೋರು ಹೆದರ್ತಾರೆ.”

“ಹಾಗಾದ್ರೆ ನನ್ನ ಹೆಸರು ತೆಗಿ.”

“ಅದೊಂದರಲ್ಲೇ ಯಾಕಿಲ್ಲ ಅಂತ ಜನ ಕೇಳಲ್ವಾ?”

ಪುಟ ಹೆಸರಿನ ಸಮೇತ ಹೊರಗೆ ಹೋಯಿತು. ವರ್ನಾ ಕೆಲಸ ಬಿಡಲಿಲ್ಲ. ಗಂಡನ ಔಷಧಿಗೆ ಕಂಪನಿಯ ವಿಮೆಯೇ ಗತಿಯಾಗಿತ್ತು.

ಗೋಧಿ ಕೊಯ್ಲಿನ ಕಾಲಕ್ಕೆ ಬ್ರಾಂಡನ್ ಊರಿನಿಂದ ಅವಳಿಗೆ ಫೋನ್ ಬಂತು. ಡೆಲ್ಬರ್ಟ್ ಎಂಬಾತ ಅಲ್ಲಿನ ಧಾನ್ಯದ ಉಗ್ರಾಣದಲ್ಲಿ ತೂಕದ ಲೆಕ್ಕಕ್ಕೆ ನಮ್ಮ ಭಾಷೆಯಲ್ಲೇ ಪ್ರೋಗ್ರಾಮ್ ಬರೆದಿದ್ದ. ಗುಡುಗಿಗೆ ಕರೆಂಟ್ ಹೋದಾಗ, ಆಗಷ್ಟೇ ತೂಗಿದ ಲಾರಿಗಳ ತೂಕ ಮಾಯವಾಗಿತ್ತು. ಮಾಲೀಕ ಅವನನ್ನು ಕೆಲಸದಿಂದ ತೆಗೆದಿದ್ದ. ಗೋಧಿಯನ್ನು ಅವನೇ ನುಂಗಿದ ಎಂದು ರೈತರು ಆಡಿಕೊಳ್ಳುತ್ತಿದ್ದರು.

“ಮೇಡಂ, ನಾನು ಓದಿದ್ರಲ್ಲಿ ಏನು ತಪ್ಪಾಯ್ತು? ಕೆಳಗೆ ನಿಮ್ಮ ಹೆಸರಿತ್ತು, ಅದಕ್ಕೆ ಕೇಳ್ತಿದೀನಿ.”

“ನೀವು ಸರಿಯಾಗೇ ಓದಿದೀರಿ. ಪುಟಾನೇ ಸುಳ್ಳು.”

“ನಿಮಗೆ ಯಾವಾಗ ಗೊತ್ತಾಯ್ತು?”

“ಅಚ್ಚಾಗೋಕೆ ಮುಂಚೇನೇ.”

“ಗೊತ್ತಿದ್ದೂ ಸುಮ್ಮನಿದ್ರಾ?” ಎಂದವನು ಉತ್ತರಕ್ಕೆ ಕಾಯದೆ ಫೋನ್ ಇಟ್ಟ.

ವರ್ನಾ ಆವತ್ತೇ ಬಳಕೆದಾರರ ಜಾಲತಾಣದಲ್ಲಿ ಎಲ್ಲವನ್ನೂ ತನ್ನ ಹೆಸರಿನಲ್ಲೇ ಬರೆದಳು. ಸಂಜೆಯೊಳಗೆ ಕಾರ್ಲ್‌ಟನ್ ಅವಳನ್ನು ಕೆಲಸದಿಂದ ತೆಗೆದು, ಕಂಪನಿಯ ಗುರುತಿನ ಚೀಟಿ ಕಿತ್ತುಕೊಂಡ. ಪುಟ ಆ ವಾರವೇ ಸರಿಯಾಯಿತು. ಅಷ್ಟು ದಿನ ಆಗದೇ ಇದ್ದ ಕೆಲಸ.

ಆಮೇಲೆ ಬ್ರಾಂಡನ್‌ಗೆ ಹೋಗಿ ಬಂದದ್ದನ್ನು ಅವಳೇ ನನಗೆ ಹೇಳಿದಳು. ಉಗ್ರಾಣದ ಮಾಲೀಕ ಕಾಫಿ ಕೊಟ್ಟು, ತಪ್ಪು ಡೆಲ್ಬರ್ಟ್‌ನದಲ್ಲ ಎಂಬ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, “ಹೊಸಬ ಬಂದಾಗಿದೆ ಕಣಮ್ಮ. ಹಳೇದನ್ನ ಯಾಕೆ ಕೆದಕ್ತೀರಿ?” ಎಂದನಂತೆ. ಅಲ್ಲಿಂದ ಅವಳು ಡೆಲ್ಬರ್ಟ್‌ನ ಮನೆಗೆ ನಡೆದಳು. ಅವನ ಹೆಂಡತಿ ಬಾಗಿಲನ್ನು ಅರ್ಧ ತೆರೆದು, “ಅವರು ಊರಲ್ಲಿಲ್ಲ” ಅಂದಳು. ಒಳಗೆ ಗಂಡಸೊಬ್ಬ ಕೆಮ್ಮುತ್ತಿದ್ದ. ಆ ಹೆಂಗಸು ವರ್ನಾಳ ಮುಖವನ್ನೇ ನೋಡುತ್ತ, ನಿಧಾನವಾಗಿ ಬಾಗಿಲು ಹಾಕಿಕೊಂಡಳು.