ಬೋಳು ರೂಪಾಯಿ

ಕಿಗ್ಗದ ದಾರಿಯ ಸಣ್ಣ ಗುಡಿಯ ಭಟ್ಟರಿಗೆ ನಮ್ಮ ಭಕ್ತಿಯ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು. ಅಂಗಡಿಯವರು ಬೇಡವೆಂದ ನಾಣ್ಯಗಳೆಲ್ಲ ಕೊನೆಗೆ ಬೀಳುತ್ತಿದ್ದುದು ಅವರ ಮಂಗಳಾರತಿ ತಟ್ಟೆಗೆ. ಸಿಂಹಗಳು ಅಂಚಿಗೆ ಸರಿದದ್ದು, ಎರಡೆರಡು ಸಲ ಅಚ್ಚು ಬಿದ್ದದ್ದು, ಯಾವುದಕ್ಕೂ ಅವರು ಮುಖ ಸಿಂಡರಿಸಿದವರಲ್ಲ. "ದೇವರಿಗೆ ನಡೀತದೆ" ಎನ್ನುತ್ತ, ಹೆಬ್ಬೆರಳಿನಿಂದ ಕುಂಕುಮ ಒರೆಸಿ ಪಕ್ಕಕ್ಕಿಡುವರು. ಟಂಕಸಾಲೆಯ ತಪ್ಪುಗಳನ್ನು ಸಂಗ್ರಹಿಸುವ ಘನಕಾರ್ಯದಲ್ಲಿ ತೊಡಗಿದ್ದ ಹುಡುಗ ನಾನು. ಒಳ್ಳೆಯ ನಾಣ್ಯ ಕೊಟ್ಟು ಅವನ್ನು ಒಯ್ಯುತ್ತಿದ್ದೆ.

ಒಂದನ್ನು ಮಾತ್ರ ಅವರು ಕೊಡಲಿಲ್ಲ. ಒಂದು ಬದಿಗೆ ಅಚ್ಚೇ ಬೀಳದ ಬೋಳು ರೂಪಾಯಿ. ತೋಟದ ಕೆಲಸದ ಹೆಂಗಸೊಬ್ಬಳು ಮಗುವಿನ ಜ್ವರಕ್ಕೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ ತಂದದ್ದು.

"ಐದು ರೂಪಾಯಿ ಕೊಡ್ತೇನೆ ಭಟ್ರೇ."

"ನೂರು ಕೊಟ್ರೂ ಇಲ್ಲ ಮಾಣಿ. ಹರಕೆಗೆ ಚಿಲ್ಲರೆ ಕೊಡೂದುಂಟಾ?"

ನಿವೃತ್ತನಾದ ಮೇಲೆ ಆ ಹಳೆಯ ಹುಚ್ಚು ಮರಳಿತು. ಮೊನ್ನೆ ಗುಡಿಗೆ ಹೋದೆ. ಭಟ್ಟರು ತೀರಿಕೊಂಡು ಬಹಳ ಕಾಲವಾಗಿದೆ. ತಟ್ಟೆಯ ಪಕ್ಕದಲ್ಲಿ ಕ್ಯೂಆರ್ ಕೋಡ್ ನಿಂತಿದೆ. ಅದರ ಕಾಣಿಕೆಯಲ್ಲಿ ಅಚ್ಚು ತಪ್ಪುವ ಭಾಗ್ಯವಿಲ್ಲ. ಬೋಳು ರೂಪಾಯಿಯ ವಿಷಯ ಕೇಳಿದೆ. ಹೊಸ ಅರ್ಚಕರು ಗೋಡೆಯ ಗೂಡಿನಿಂದ ಆ ಗಂಟನ್ನೇ ತೆಗೆದು, "ಬ್ಯಾಂಕಿನವ್ರೂ ಬೇಡ ಅಂದ್ರು. ತಗೊಂಡು ಹೋಗಿ ಮಾರಾಯ್ರೆ" ಎಂದರು.

ನಾಣ್ಯವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಾದೆ. ಕೊಡುವುದಿಲ್ಲ ಎನ್ನುವವರು ಯಾರೂ ಇರಲಿಲ್ಲ. ಕೊನೆಗೆ ಅದನ್ನು ತಟ್ಟೆಯಲ್ಲಿಟ್ಟೆ.

"ಎಂತ, ಬೇಡವಾ?"

"ದೇವರಿಗೆ ನಡೀತದೆ" ಎಂದೆ.