ಸವೂನ್ ದೊಡ್ಡಮ್ಮ ಆಣೆ ವಾಪಸ್ ಪಡೆದದ್ದು

ಗಡಿಗೆ ಮಾಡುವಾಗ ನಮ್ಮಲ್ಲಿ ಗಡಿಗೆ ತಿರುಗುವುದಿಲ್ಲ, ಮಾಡುವವಳೇ ತಿರುಗುತ್ತಾಳೆ. ದಿಮ್ಮಿಯ ಮೇಲೆ ಮಣ್ಣಿನ ಮುದ್ದೆ ಇಟ್ಟು, ಹಲಗೆಯಿಂದ ತಟ್ಟುತ್ತಾ ಅದರ ಸುತ್ತ ನಡೆಯಬೇಕು. ಕಾಂಬೋಡಿಯಾದ ಕಂಪಾಂಗ್ ಛ್ನಾಂಗ್ ಕಡೆಯ ಹೆಂಗಸರೆಲ್ಲ ಹೀಗೆಯೇ. ಆದರೆ ನನ್ನ ಸವೂನ್ ದೊಡ್ಡಮ್ಮನಿಗೆ ಇದು ಎಷ್ಟು ಮೈಗೆ ಹತ್ತಿತ್ತೆಂದರೆ, ನಿಂತಲ್ಲಿ ನಿಂತು ಮಾತಾಡುವುದೇ ಅವಳಿಂದ ಆಗುತ್ತಿರಲಿಲ್ಲ. ಅವಳೊಡನೆ ಜಗಳವಾಡಬೇಕೆಂದರೆ ನಾವೂ ಹಿಂದೆ ಹಿಂದೆ ಸುತ್ತಬೇಕಿತ್ತು.

ಪೋಲ್ ಪೋಟನ ಕಾಲ ಅವಳ ಗಂಡನನ್ನೂ ಗಂಡುಮಕ್ಕಳನ್ನೂ ನುಂಗಿತ್ತು. ಉಳಿದವಳು ಮಗಳು ಥಾವಿ ಒಬ್ಬಳೇ. ಓದಿದವರನ್ನು ಹುಡುಕಿ ಕೊಲ್ಲುತ್ತಿದ್ದ ಆ ವರ್ಷಗಳಲ್ಲಿ ದೊಡ್ಡಮ್ಮ ಬದುಕಿದ್ದೇ ಸುಳ್ಳು ಹೇಳಿ. ಗಂಡ ಮೇಷ್ಟ್ರಾಗಿದ್ದರೂ ಸೈಕಲ್ ರಿಕ್ಷಾ ತುಳೀತಿದ್ದ ಅಂದಳು. ಓದು ಬರುತ್ತಿತ್ತು, ಬರಲ್ಲ ಅಂದಳು. ಮಗ ಸತ್ತ ದಿನ ಕಣ್ಣಲ್ಲಿ ನೀರು ಬಂದಾಗ ಹೊಗೆ ಅಂದಳು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮಣ್ಣು ತಟ್ಟುತ್ತಲೇ.

ಆಮೇಲೆ ನಮ್ಮೂರಿಗೆ ಖೀವ್ ಮುಖ್ಯಸ್ಥನಾಗಿ ಬಂದ. ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾಕೆಂದರೆ ಆತ ಎರಡೂ ಹೌದು. ಗಡಿಯ ಕಾಡು ಕಡಿಯಲು ಸರ್ಕಾರದವರು ಗಂಡಸರನ್ನು ಎಳೆದೊಯ್ಯುತ್ತಿದ್ದ, ಹೋದವರೆಲ್ಲ ಮಲೇರಿಯಾದಲ್ಲಿ ಸಾಯುತ್ತಿದ್ದ ಕಾಲದಲ್ಲಿ, ಥಾವಿಯ ಗಂಡನನ್ನು ಸ್ವಂತ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಉಳಿಸಿದವನು ಅವನೇ. ಊರಲ್ಲಿ ಯಾರಾದರೂ ಎದುರಾಡಿದರೆ ಅವರ ಮನೆಗೆ ಬಂದೂಕಿನವರನ್ನು ಕಳಿಸಿದವನೂ ಅವನೇ.

ಅಂಥವನು ಚುನಾವಣೆಯ ವರ್ಷ ಊರನ್ನೆಲ್ಲ ಆಲದ ಮರದ ಕೆಳಗಿನ ನಮ್ಮ ಊರದೇವರ ಗುಡಿಗೆ ಕರೆದ. ಯುದ್ಧ ಮುಗಿದು ಕಾಂಬೋಡಿಯಾದಲ್ಲಿ ಮೊದಲ ಸಲ ನಮ್ಮಿಷ್ಟದಂತೆ ಮತ ಹಾಕಬಹುದು ಎಂದು ವಿಶ್ವಸಂಸ್ಥೆಯವರು ಬಿಳಿ ಜೀಪುಗಳಲ್ಲಿ ಸಾರಿಕೊಂಡು ಹೋಗಿದ್ದರು. ಖೀವ್‌ಗೆ ನಮ್ಮಿಷ್ಟದ ಮೇಲೆ ನಂಬಿಕೆ ಇರಲಿಲ್ಲ. ನೀರಿನ ಬೋಗುಣಿಗೆ ಒಂದು ಬಂದೂಕಿನ ಗುಂಡು ಹಾಕಿದ. ಒಬ್ಬೊಬ್ಬರೂ ಊದುಬತ್ತಿ ಹಿಡಿದು ಆ ನೀರು ಕುಡಿದು, "ಖೀವ್ ಪಕ್ಷಕ್ಕೇ ಹಾಕ್ತೀನಿ, ಮಾತು ತಪ್ಪಿದ್ರೆ ಈ ಗುಂಡು ನನ್ನ ಮಕ್ಕಳಿಗೆ ತಾಗಲಿ" ಅನ್ನಬೇಕಿತ್ತು. ನಾನೂ ಕುಡಿದೆ. ದೊಡ್ಡಮ್ಮನೂ ಕುಡಿದಳು. ಪಕ್ಕದಲ್ಲಿ ಥಾವಿ ಬಸುರಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಆಮೇಲೆ ರೇಡಿಯೋ ಶುರುವಾಯಿತು. ಚೀಟಿ ಗುಟ್ಟಾಗಿರುತ್ತದೆ, ಪುಕಾರು ಹಬ್ಬಿಸಿದ ಹಾಗೆ ಆಕಾಶದಿಂದ ಯಾವ ಯಂತ್ರವೂ ಅದನ್ನು ನೋಡುವುದಿಲ್ಲ, ಬಲವಂತದ ಆಣೆ ಆಣೆಯೇ ಅಲ್ಲ, ಕೇಳಿದವರಿಗೆಲ್ಲ ಹೂಂ ಎಂದು ನಿಮಗೆ ಬೇಕಾದವರಿಗೆ ಹಾಕಿ ಎಂದು ದಿನವೂ ಹೇಳಿತು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದೆ.

ಅವಳು ತಟ್ಟುವುದನ್ನೂ ನಿಲ್ಲಿಸಲಿಲ್ಲ, ಸುತ್ತುವುದನ್ನೂ ನಿಲ್ಲಿಸಲಿಲ್ಲ.

"ಸುಳ್ಳು ಹೇಳೋದನ್ನ ನನಗೆ ರೇಡಿಯೋ ಕಲಿಸ್ಬೇಕೇನೇ? ಅದರಲ್ಲಿ ನಾನು ಪಾಸಾಗಿ ಎಷ್ಟು ವರ್ಷ ಆಯ್ತು!"

"ಮತ್ತೆ ಅವನಿಗೇ ಹಾಕ್ತೀಯಾ?"

"ಯಾರಿಗೆ ಹಾಕ್ತೀನೋ ಇನ್ನೂ ಗೊತ್ತಿಲ್ಲ. ಆದ್ರೆ ಥಾವಿ ತಲೆ ಮೇಲೆ ಆ ಗುಂಡು ಇಟ್ಕೊಂಡು ಹಾಕಲ್ಲ. ಹೋಗಿ ಆಣೆ ವಾಪಸ್ ತಗೋತೀನಿ."

"ಅಯ್ಯೋ, ಯಾರಿಗೂ ಗೊತ್ತಾಗದ ಹಾಗೆ ತಗೋ, ಮಾರಾಯ್ತಿ!"

"ಕೊಟ್ಟಿದ್ದು ಊರ ಮುಂದೆ. ಕಳ್ಳಿ ಥರ ತಗೊಳ್ಳೋದಾ?"

ಥಾವಿ ಅತ್ತಳು, ಅಳಿಯ ಕೈ ಮುಗಿದ. ಪಕ್ಕದ ಊರಲ್ಲಿ ಇನ್ನೊಂದು ಪಕ್ಷದ ಬೋರ್ಡು ಹಾಕಿದವನ ಮನೆಗೆ ಬಾಂಬು ಬಿದ್ದು ವಾರವೂ ಆಗಿರಲಿಲ್ಲ. ನಾನಂತೂ ಬಾಯಿಗೆ ಬಂದ ಹಾಗೆ ಬೈದೆ. ದೊಡ್ಡಮ್ಮ ಕೋಳಿ ಬೇಯಿಸಿದಳು, ಬಾಳೆಹಣ್ಣಿನ ಚಿಪ್ಪು ಇಟ್ಟಳು, ಅಕ್ಕಿಯ ಸಾರಾಯಿ ತುಂಬಿದಳು, ಒಳ್ಳೆಯ ರೇಷ್ಮೆ ಉಟ್ಟು ಹಾಡಹಗಲೇ ಗುಡಿಗೆ ನಡೆದಳು. ಬೈಯುತ್ತಲೇ ನಾನೂ ಹೋದೆ. ಊರೇ ಹಿಂದೆ ಬಂತು, ಖೀವ್ ಕೂಡ ಬಂದ.

ಅವಳು ದೇವರ ಮುಂದೆ ಕೂತು ನೆಂಟರೊಡನೆ ಆಡುವ ಹಾಗೆ ಮಾತಾಡಿದಳು.

"ತಾತಾ, ಅವತ್ತು ನನ್ನ ಬಾಯಿ ಆಣೆ ಮಾಡ್ತು, ಮನಸ್ಸು ಮಾಡ್ಲಿಲ್ಲ. ಆ ಮಾತು ವಾಪಸ್ ಕೊಡು. ಕೋಳಿ ತಗೋ. ಸಿಟ್ಟು ಬಂದಿದ್ರೆ ನನ್ನ ಮೇಲೆ ತೀರಿಸ್ಕೋ. ನನ್ನ ಮಗಳಾಗ್ಲಿ, ಅವಳ ಹೊಟ್ಟೇಲಿರೋದಾಗ್ಲಿ ನಿನ್ನ ಜೊತೆ ಯಾವ ಮಾತೂ ಆಡಿಲ್ಲ."

ಹಾಗೆಂದು ಸಾರಾಯಿ ಸುರಿದಳು. ಖೀವ್‌ನ ಮುಖ ಕೆಂಪಾಗಿತ್ತು.

"ಸವೂನ್, ನಿನ್ನ ಅಳಿಯನ್ನ ಉಳಿಸಿದ್ದು ಯಾರು ಅನ್ನೋದು ಮರೆತು ಹೋಯ್ತಾ?"

"ಮರೆತಿಲ್ಲ ಅಣ್ಣಾ. ನೀನೇ ಮರೆತಿರೋದು. ನೆನಪಿದ್ದಿದ್ರೆ ನನ್ನ ಕೈಲಿ ಆ ನೀರು ಕುಡಿಸ್ತಿದ್ಯಾ?"

ಆತ ತಿರುಗಿ ಹೊರಟುಹೋದ. ಅವಳಂತೆ ಇನ್ನೊಬ್ಬರೂ ಮುಂದೆ ಬರಲಿಲ್ಲ. ನಾನೂ ಬರಲಿಲ್ಲ, ನನಗೆ ರೇಡಿಯೋದ ಮಾತೇ ಸಾಕಿತ್ತು.

ಮತದಾನದ ದಿನ ಕಾಡಿನಲ್ಲಿ ಉಳಿದಿದ್ದ ಪೋಲ್ ಪೋಟನ ಕಡೆಯವರು ಫಿರಂಗಿ ಹಾರಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಆದರೂ ಬೆಳಗಾಗುವುದರೊಳಗೆ ಶಾಲೆಯ ಮುಂದೆ ಜಾತ್ರೆಯಷ್ಟು ಜನ, ಎಲ್ಲರೂ ಹೊಸವರ್ಷದ ಬಟ್ಟೆಯಲ್ಲಿ. ಕೆಲವರು ಅಳುತ್ತಿದ್ದರು, ಯಾಕೆಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ನನಗೂ ಒಂದು ಕ್ಷಣ ಕುಣಿಯಬೇಕೆನಿಸಿದರೆ ಮರುಕ್ಷಣ ಮನೆಗೆ ಓಡಬೇಕೆನಿಸುತ್ತಿತ್ತು. ಮಳೆ ಬಂತು, ಸಾಲು ಅಲ್ಲಾಡಲಿಲ್ಲ.

ಖೀವ್ ಶಾಲೆಯ ಬೇಲಿಯಾಚೆ ಛತ್ರಿ ಹಿಡಿದು ನಿಂತಿದ್ದ. ಹೊರಬಂದವರನ್ನೆಲ್ಲ ಕೇಳುತ್ತಿದ್ದ. ನಾನು ಇನ್ನೊಂದು ಪಕ್ಷಕ್ಕೆ ಹಾಕಿ ಬಂದು, "ನಿಮಗೇ ಅಣ್ಣಾ, ಆಣೆ ಮಾಡಿಲ್ವಾ?" ಅಂದೆ. ಬೆನ್ನು ತಟ್ಟಿದ. ಇಡೀ ಊರೇ ಹಾಗೆ ಹೇಳಿತು, ಇಡೀ ಊರನ್ನೂ ಆತ ನಂಬಿದ.

ದೊಡ್ಡಮ್ಮ ಒಳಗೆ ತುಂಬ ಹೊತ್ತು ಮಾಡಿದಳು. ಹೊರಬಂದು ನೇರ ಅವನ ಬಳಿಗೇ ಹೋದಳು.

"ನಿನಗೆ ಹಾಕಿದೆ ಅಣ್ಣಾ."

"ಹೋಗು ಹೋಗು, ಯಾರ ಕಿವಿಗೆ ಹೂವಿಡ್ತೀಯಾ?" ಎಂದು ಆತ ಮುಖ ತಿರುಗಿಸಿದ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ರಂಪ ಮಾಡಿ ಅವನಿಗೇ ಹಾಕಿದ್ಯಾ?"

"ಅಳಿಯನ್ನ ಉಳಿಸಿದಾನೆ ಕಣೇ. ಅದಕ್ಕೆ ಅಂತ ನಾನಾಗಿ ಕೊಡೋಣ ಅನ್ನಿಸ್ತು, ಕೊಟ್ಟೆ. ಮುಂದಿನ ಸಲ ಕೊಡ್ತೀನಾ ಇಲ್ವಾ, ಆಗ ನೋಡೋಣ."

ಎಣಿಕೆಯಲ್ಲಿ ಇನ್ನೊಂದು ಪಕ್ಷ ಮುಂದೆ ಬಂತು. ಖೀವ್‌ನ ಪಕ್ಷ ಕುರ್ಚಿ ಬಿಡಲಿಲ್ಲ. ಕೊನೆಗೆ ದೇಶಕ್ಕೆ ಪಕ್ಷಕ್ಕೊಬ್ಬರಂತೆ ಇಬ್ಬರು ಪ್ರಧಾನಿಗಳಾದರು, ನಮ್ಮೂರಿಗೆ ಖೀವ್ ಒಬ್ಬನೇ ಉಳಿದ. ನಮ್ಮೂರಲ್ಲೂ ಅವನ ಪಕ್ಷ ಸೋತಿದೆಯೆಂದು ಅವನಿಗೆ ಯಾರೋ ಹೇಳಿದರಂತೆ. ಬೀದಿಯಲ್ಲಿ ನಮ್ಮ ಮುಖಗಳನ್ನು ಒಂದೊಂದಾಗಿ ದಿಟ್ಟಿಸುತ್ತಾ ಓಡಾಡಿದ. ನಾವೆಲ್ಲ ಏನೂ ಅರಿಯದವರಂತೆ ಅವನಿಗೆ ಚೆನ್ನಾಗಿಯೇ ನಕ್ಕೆವು.

ಥಾವಿಗೆ ಹೆರಿಗೆಯಾಯಿತು, ಗಟ್ಟಿಯಾಗಿ ಅಳುವ ಹೆಣ್ಣುಮಗು. ದೊಡ್ಡಮ್ಮ ಮಗುವಿನ ಕೈಕಾಲು ಬೆರಳುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ಆಗ ಮಾತ್ರ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಹೊಗೆ ಅನ್ನಲಿಲ್ಲ.

ಕೆಲವು ದಿನ ಬಿಟ್ಟು ಖೀವ್ ಬಂದ. ಕಂಬಗಳ ಮೇಲೆ ಕಟ್ಟಿದ ಮನೆಯ ಏಣಿಯ ಕೆಳಗೇ ನಿಂತ.

"ಸವೂನ್, ನಿಜ ಹೇಳು. ಅವತ್ತು ನನಗೇ ಹಾಕಿದ್ಯಾ?"

"ಹೂಂ."

"ಆಣೆ ಮಾಡು."

ದೊಡ್ಡಮ್ಮ ಮಗುವನ್ನು ಭುಜಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದಳು. "ಆಣೆ ಮಾಡಲ್ಲ ಅಣ್ಣಾ. ನಂಬೋದಾದ್ರೆ ಮೇಲೆ ಬಾ."

ಖೀವ್ ಚಪ್ಪಲಿ ಬಿಟ್ಟು ಏಣಿ ಹತ್ತಿದ.